ಎಲಿಯ ಬೆನ್ನು

ಕಾರ್ಯಕ್ರಮ ಮುಗಿದು ಎರಡು ತಿಂಗಳಾತು. ದುಡ್ಡು ಕೂಡಿತು, ಚಿತ್ರ ಮಾರಿಹೋದ್ವು, ಬಂದವರೆಲ್ಲಾ ಚೊಲೋ ಆತು ಅಂತ ಹೇಳಿ ಹೋದ್ರು. ಆದ್ರೂ ರಾತ್ರಿ ಅಡಗಿ ಮನಿ ಲೈಟ್ ಆರಿಸಿ ಬಂದು ಅಡ್ಡಾದ್ರ ಸಾಕು, ಅದಕ್ಕೂ ಮೊದಲಿನ ಒಂದು ಮೀಟಿಂಗ್ ನೆನಪಾಗ್ತೈತಿ. ಅವತ್ತು ಟ್ರಸ್ಟಿನ ಒಬ್ಬ ಹುಡುಗ ಲ್ಯಾಪ್‌ಟಾಪಿನಿಂದ ತಲಿ ಎತ್ತಿ ಕೇಳಿದ್ದ, "ಮೇಡಂ, ಮುಂದಿಂದೇನೋ ಆತು, ಇಸ್ಪೀಟ್ ಎಲಿ ಹಿಂದ ಏನ್ ಹಾಕೂಣ್ರಿ?"

ಅಲ್ಲೀತನಕ ಎಲಿಗೆ ಹಿಂದೊಂದು ಮಗ್ಗಲು ಇರ್ತೈತಿ ಅಂತ ನಾವ್ಯಾರೂ ವಿಚಾರನ ಮಾಡಿರಲಿಲ್ಲ. ನಮ್ಮ ಗಮನ ಎಲ್ಲಾ ಮುಖದ ಮ್ಯಾಲ ಇತ್ತು. ಕೆಲಸ ಏನಪಾ ಅಂದ್ರ, ಕ್ಯಾನ್ಸರ್ ಟ್ರೀಟ್‌ಮೆಂಟಿಗೆ ಅಂತ ಹಳ್ಳಿಯಿಂದ ಹುಬ್ಬಳ್ಳಿಗೆ ಬರೂ ಮಕ್ಕಳ ಬಸ್ಸಿನ ಖರ್ಚು, ಔಷಧ, ಜೊತಿಗೆ ಬಂದವರ ಊಟ, ಇದಕ್ಕೆಲ್ಲಾ ದುಡ್ಡು ಕೂಡಸೂದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ 54 ಮಂದಿ ಚಿತ್ರ ಬರಿಯೂರು, ಒಬ್ಬೊಬ್ಬರಿಗೆ ಒಂದೊಂದು ಇಸ್ಪೀಟ್ ಎಲಿ. 52 ಎಲಿ, ಎರಡು ಜೋಕರ್. ದೊಡ್ಡ ಶೀಟಿನ ಮ್ಯಾಲ ಬರದ ಮೂಲ ಚಿತ್ರ ಲಿಲಾವಿಗೆ, ಅದನ್ನ ಸಣ್ಣದು ಮಾಡಿ ಪ್ರಿಂಟ್ ಹಾಕಿದ 500 ಪ್ಯಾಕು ಮಾರಾಟಕ್ಕ. ಯಾರಿಗೆ ಯಾವ ಎಲಿ ಅನ್ನೂದನ್ನ ಟೇಬಲ್ ಮ್ಯಾಲ ಒಂದು ಪ್ಯಾಕ್ ಬೋರಲ ಹಾಕಿ ಎತ್ತಿಸಿದ್ರು. ಹಿರಿಯರಿಗೆ ರಾಜ, ಹೊಸಬರಿಗೆ ದುಗ್ಗಿ ತಿಗ್ಗಿ ಅಂತ ಹಂಚಾಕ ಹೋಗಿದ್ರ ಜಗಳ ಆಗ್ತಿತ್ತು. ನನಗ ಬಂದದ್ದು ಕಿಲವರ ಏಳು. (ನಮ್ಮ ಮನ್ಯಾಗ ಮರಾಠಿ ಗಾಳಿ ಬಡದು ಬದಾಮ, ಚೌಕಟ, ಇಸ್ಪಿಕ್, ಕಿಲವರ ಅಂತನ ಅಂತೀವಿ, ಮೈಸೂರ ಕಡೆಯವರು ಆಟೀನು, ಡೈಮನ್, ಇಸ್ಪೀಟು, ಕಳಾವರ ಅಂತ ಓದ್ಕೋರಿ.)

ಕಿಲವರ ನೋಡಿದ ಕೂಡಲೇ ನನಗ ಒಡದ ಹತ್ತಿಕಾಯಿ ಕಂಡಿತು. ಮೂರು ತೊಳಿ ಬಿರದು ಹೊರಗ ಉಬ್ಬಿರ್ತಾವ ನೋಡ್ರಿ, ಕೆಳಗ ಗಿಡ್ಡ ತೊಟ್ಟು, ಥೇಟ್ ಹಂಗ. ಏಳು ಹತ್ತಿಕಾಯಿ ಬರದೆ, ಬರೇ ಕರಿ ಮಸಿಯೊಳಗ, ಎರಿ ಮಣ್ಣಿನ ಬಣ್ಣ ಬರೂ ಹಂಗ. ಬ್ಯಾಡಗಿ ಕಡೆಯ ಒಬ್ಬ ಹುಡುಗ ಬದಾಮದ ಒಂಬತ್ತನ್ನ ಸುಕ್ಕಗಟ್ಟಿದ ಮೆಣಸಿನಕಾಯಿ ಜೋಡಿಜೋಡಿಸಿ ಬದಾಮಿನ ಆಕಾರ ಮಾಡಿದ್ದ, ನೋಡಿದ್ರ ಕಣ್ಣಾಗ ನೀರು ಬರೂ ಅಷ್ಟು ಕೆಂಪು. ಚೌಕಟ ಬಂದವರೊಬ್ಬರು ನವಲಗುಂದ ಜಮಖಾನಿ ನೇಯ್ಗಿ ಹಿಡದ್ರು. ನಮ್ಮೆಲ್ಲರಿಗೂ ಗುರುವಿನ ಸಮಾನ ಇದ್ದ ಒಬ್ಬ ಹಿರಿಯ ಮಾಸ್ತರರಿಗೆ ಬದಾಮ ರಾಜ ಬಂದಿದ್ದ. ಪ್ಯಾಕ್ ತಗದು ನೋಡ್ರಿ, ನಾಲ್ಕು ರಾಜರೊಳಗ ಮೀಸಿ ಇಲ್ಲದಾಂವ ಇಂವ ಒಬ್ಬನ. ಕತ್ತಿ ಬ್ಯಾರೆ ಅವನ ತಲಿ ಹಿಂದ ಹೋಗಿ ಕುಂತೈತಿ, ತನಗ ತಾನ ಚುಚ್ಚಿಕೊಂಡಂಗ. ಮೊದಲ ಅವನ ಕೈಯಾಗ ಕೊಡಲಿ ಇತ್ತಂತ, ನೂರಾರು ವರ್ಷ ಒಬ್ಬರದು ನೋಡಿ ಒಬ್ಬರು ಅಚ್ಚು ಕೆತ್ತಿಕೋತ ಬಂದು ಬಂದು ಅದರ ಅಲಗು ಕಳದು ಹೋತಂತ. ಮಾಸ್ತರರು ಅವನಿಗೆ ಮೀಸಿ ಕೊಡಲಿಲ್ಲ, ಕತ್ತಿ ಕಸಕೊಂಡು ಕೈಗೆ ಒಂದು ಕುಂಟಿ ಕೊಟ್ಟು ಹೊಲದಾಗ ನಿಲ್ಲಿಸಿದ್ರು. ಲಿಲಾವಿನ್ಯಾಗ ಎಲ್ಲಾಕ್ಕಿಂತ ಹೆಚ್ಚಿಗೆ ಹೋಗಿದ್ದು ಅದ.

ಇಸ್ಪೀಟ್ ಅನ್ನೂ ಹೆಸರಿಗೆ ತಕರಾರು ಬಂದ್ವು, ಬರಲಾರದ ಇರ್ತಾವೇನು. ಪೇಪರಿನ್ಯಾಗ ದಿನಾ "ಇಸ್ಪೀಟ್ ಅಡ್ಡೆ ಮೇಲೆ ದಾಳಿ" ಅಂತ ಓದೂ ಊರು ನಮ್ಮದು. ದವಾಖಾನಿ ಮಕ್ಕಳ ಕೆಲಸಕ್ಕ ಜೂಜಿನ ಎಲಿ ಯಾಕ ಅಂತ ಒಬ್ಬರು ದೇಣಿಗಿ ಕೊಡಾಕ ಒಲ್ಲೆ ಅಂದ್ರು. ಅವರ ಮಾತು ನನಗ ತಿಳೀತಿತ್ತು. ನಮ್ಮ ಕಾಕಾ ಒಂದು ಪಂಚಮಿ ಹಬ್ಬದಾಗ ಜೋಡೆತ್ತು ಕಳಕೊಂಡಿದ್ದ, ಆಮ್ಯಾಲ ನಮ್ಮವ್ವ ಜೀವ ಇರೂತನಕ ಅಂಗಡಿ ಪ್ಯಾಕು ಮನಿ ಹೊಸ್ತಿಲ ದಾಟಾಕ ಬಿಡಲಿಲ್ಲ. ಆದ್ರ ನನಗ ನಿದ್ದಿ ಕೆಡಿಸಿದ್ದು ಜೂಜಿನ ಮಾತಲ್ಲ.

ಎಲಿ ಹಿಂದ ಏನು ಅಂತ ಆ ಹುಡುಗ ಕೇಳಿದನಲ್ಲ, ಉತ್ತರನೂ ಅವನ ಹತ್ರ ರೆಡಿ ಇತ್ತು. ಒಂದೊಂದು ಎಲಿ ಹಿಂದ ಒಂದೊಂದು ಮಗುವಿನ ಫೋಟೋ. ಕೆಳಗ ಹೆಸರು, ವಯಸ್ಸು, ಊರು, ಜಡ್ಡು ಏನು, ಎಷ್ಟು ದುಡ್ಡು ಬೇಕು. 54 ಎಲಿ, 54 ಮಕ್ಕಳು. "ಕನೆಕ್ಟ್ ಆಗ್ತೈತ್ರಿ ಮೇಡಂ, ತಗೊಂಡವರು ಎಲಿ ತಿರುವಿದ ಕೂಡಲೇ ಮಗು ಕಾಣತೈತಿ." ಸ್ಯಾಂಪಲ್ಲೂ ಮಾಡಿಕೊಂಡು ಬಂದಿದ್ದ. ಸ್ಕ್ರೀನಿನ ಮ್ಯಾಲ ಒಂದು ಹುಡುಗಿ, ತಲಿ ಬೋಳು, ಮೂಗಿಗೆ ನಳಿ, ಕ್ಯಾಮೆರಾದವರು ನಗು ಅಂದಿದ್ದಕ್ಕ ನಕ್ಕಿದ್ಲು. ಕುಂತವರೆಲ್ಲಾ ಒಂದು ಗಳಿಗಿ ಸುಮ್ಮನಾದ್ರು, ಆಮ್ಯಾಲ ಒಬ್ಬೊಬ್ಬರ ಹೂಂ ಹೂಂ ಅಂದ್ರು. ನನಗ ಹೊಟ್ಟ್ಯಾಗ ಏನೋ ಕಲಕಿದಂಗ ಆತು, ಆದ್ರ ಯಾಕ ಅಂತ ಹೇಳಾಕ ಬರಲಿಲ್ಲ. ಆ ಹುಡುಗನ ಮನಸ್ಸು ಒಳ್ಳೇದು, ವರ್ಷಗಟ್ಟಲೆ ದವಾಖಾನಿ ವರಾಂಡದಾಗ ಓಡಾಡಿ ಕೆಲಸ ಮಾಡಿದಾಂವ. ಅವನ ಮುಂದ ಬರೇ "ಬ್ಯಾಡ ಅನಸ್ತೈತಿ" ಅಂತ ಹೆಂಗ ಹೇಳೂದು? ಸುಮ್ಮನ ಎದ್ದು ಮನಿಗೆ ಬಂದೆ.

ಲಗ್ನಪತ್ರಿಕಿಯ ಎಲಿ

ನಮ್ಮ ಅಪ್ಪ ಗದಗಿನ ಒಂದು ಛಾಪಖಾನಿಯೊಳಗ ಮೂವತ್ತು ವರ್ಷ ಕೆಲಸ ಮಾಡಿದಾಂವ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು ಬಂದದ್ದು ಅವನಂಥವರ ಬೆರಳಿನಿಂದ. ಮೊಳಿ ಜೋಡಿಸ್ತಿದ್ದ, ಟ್ರೆಡಲ್ ತುಳೀತಿದ್ದ, ಕಟಿಂಗ್, ಬೈಂಡಿಂಗ್ ಎಲ್ಲಾ ಬರ್ತಿತ್ತು. ಸಂಜಿಮುಂದ ಮನಿಗೆ ಬಂದ್ರ ಮೈಯೆಲ್ಲಾ ಸೀಮೆಎಣ್ಣಿ, ಶಾಯಿ ವಾಸನಿ, ಕೈಯಾಗ ಒಂದು ಚೀಲ, ಚೀಲದಾಗ ಕೆಟ್ಟ ಕಾಗದ. ನಮ್ಮ ಪಾಟಿ-ಪೆನ್ಸಿಲ್ಲು ಎಲ್ಲಾ ಅದ ಕಾಗದ. ನಾ ಚಿತ್ರ ಬರಿಯಾಕ ಕಲತದ್ದೂ ಅದರ ಮ್ಯಾಲ.

ನಾನು ನಾಲ್ಕನೇತ್ತ ಇದ್ದಾಗ, ಒಂದು ದೊಡ್ಡ ರಜಾದಾಗ ಅಪ್ಪ ಒಂದು ಕಟ್ಟು ಲಗ್ನಪತ್ರಿಕಿ ತಂದ. ಹೆಣ್ಣಿನವರ ಊರಿನ ಹೆಸರು ತಪ್ಪು ಬಿದ್ದು ಪೂರಾ ಕೆಟ್ಟಿದ್ವು. ಹಳದಿ ಬಣ್ಣದ ದಪ್ಪ ಕಾರ್ಡು, ಒಂದು ಮಗ್ಗಲಿಗೆ ಅಚ್ಚು, ಇನ್ನೊಂದು ಮಗ್ಗಲು ಖಾಲಿ. ನಮ್ಮಣ್ಣನ ತಲಿ ಲಗೂನ ಓಡಿತು, ಒಂದು ಪತ್ರಿಕಿ ನಾಲ್ಕು ತುಂಡು ಮಾಡಿದ್ರ ಹದಿಮೂರು ಪತ್ರಿಕಿಗೆ 52 ಎಲಿ! ಕತ್ತರಿ ಹಿಡದು ಮಧ್ಯಾಹ್ನ ಪೂರ್ತಿ ಕತ್ತರಿಸಿದ್ವಿ, ಖಾಲಿ ಮಗ್ಗಲಿಗೆ ನಾನು ಕೆಂಪು-ಕರಿ ಸ್ಕೆಚ್‌ಪೆನ್ನಿನಾಗ ಬದಾಮ ಇಸ್ಪಿಕ್ ಬರದೆ, ರಾಣಿಗೆ ಬುಗುಡಿ, ರಾಜನಿಗೆ ಪಟಗಾ, ಗುಲಾಮಗ ನಮ್ಮ ಮಾಮಾನ ಹಂಗ ಗುಂಗುರು ಕೂದಲ. ಅವ್ವ ಬಂದು ನೋಡಿದ್ಲು. ಬೈತಾಳ ಅನಕೊಂಡಿದ್ವಿ, ಆದ್ರ ಒಂದು ಎಲಿ ತಿರುವಿ ನೋಡಿ ಹಿಂದ ಗಣಪತಿ ಇದ್ದದ್ದು ಕಂಡು ಸುಮ್ಮನಾದ್ಲು. ಗಣಪತಿ ಇದ್ದ ಎಲಿ ಮ್ಯಾಲ ಯಾರೂ ರೊಕ್ಕ ಹಚ್ಚಂಗಿಲ್ಲ ಅಂತ ಅಕಿಗೆ ಧೈರ್ಯ.

ಬದಾಮ ಸಾತ್ ಆಡಾಕ ಕುಂತ್ವಿ. ಎರಡ ಆಟದಾಗ ಗೊತ್ತಾತು, ಎಲ್ಲಾರ ಕೈಯಾಗೂ ಏನೈತಿ ಅಂತ ಎಲ್ಲಾರಿಗೂ ಕಾಣ್ತೈತಿ. ಅಣ್ಣ ಪತ್ರಿಕಿ ಒಟ್ಟಿ ಇಟ್ಟು ಕತ್ತರಿಸಿ, ಒಂದೊಂದು ಮೂಲಿ ಒಂದೊಂದು ಗುಂಪು ಮಾಡಿ ನನ್ನ ಕೈಗೆ ಕೊಟ್ಟಿದ್ದ, ನಾ ಹಂಗ ಬರಕೋತ ಹೋಗಿದ್ದೆ. ಬದಾಮದ ಹದಿಮೂರೂ ಎಲಿ ಬೆನ್ನಿಗೆ ಗಣಪತಿ. ಚೌಕಟದ ಬೆನ್ನಿಗೆ ಹುಡುಗ-ಹುಡುಗಿ ಹೆಸರು. ಇಸ್ಪಿಕ್ಕಿಗೆ ಮುಹೂರ್ತ, ಕಿಲವರಕ್ಕ "ಸುಖಾಗಮನ ಬಯಸುವ." ಎದುರಿಗೆ ಕುಂತ ಮಾಮಾನ ಮಗ ತನ್ನ ಎಲಿ ಎದಿಗೆ ಅಂಟಿಸಿಕೊಂಡು, ಬೆನ್ನು ಕಾಣಬಾರದು ಅಂತ ಅಂಗೈ ಅಡ್ಡ ಹಿಡದು ಕುಂತಿದ್ದ. ಸೋಲ್ತೀನಿ ಅಂತ ಅಲ್ಲ, ತನ್ನ ಕೈ ಎಲ್ಲಾರಿಗೂ ಕಾಣ್ತೈತಲ್ಲ ಅಂತ ಅವನಿಗೆ ಅಳು ಬಂದಿತ್ತು. ಆಟ ಅಲ್ಲಿಗೆ ನಿಂತಿತು.

ರಾತ್ರಿ ಅಪ್ಪ ಕೇಳಿದ, ಹೇಳಿದ್ವಿ. ಆ 52 ಎಲಿ ಚೀಲದಾಗ ಹಾಕೊಂಡು ಹೋದ. ಮರುದಿವಸ ನನ್ನೂ ಕರಕೊಂಡು ಹೋಗಿದ್ದ, ಅದಕ್ಕ ನನಗ ಕಣ್ಣಿಗೆ ಕಟ್ಟಿದಂಗ ಐತಿ. ಬೈಂಡಿಂಗಿಗೆ ಹಾಕೂ ಕಂದು ಕಾಗದ ಹಾಸಿದ, ಬ್ರಶ್ಶಿಲೆ ಅಂಟು ಸವರಿದ, ಒಂದೊಂದ ಎಲಿ ಬೋರಲ ಅಂಟಿಸಿ ಅಂಗೈಯಿಂದ ನಡುವಿನಿಂದ ಅಂಚಿಗೆ ಒತ್ತಿಕೋತ ಬಂದ, ಗಾಳಿ ಉಳೀಬಾರದು ಅಂತ. ಅವನ್ನ ಎರಡು ಹಲಿಗಿ ನಡುವ ಇಟ್ಟು ಪುಸ್ತಕದ ಪ್ರೆಸ್ಸಿನಾಗ ಬಿಗದ. ಒಣಗಿದ ಮ್ಯಾಲ ಕಟಿಂಗ್ ಮಷಿನ್ನಿಗೆ ಕೊಟ್ಟು ನಾಲ್ಕೂ ಅಂಚು ಒಂದ ಸಮ ಮಾಡಿದ. ಆಮ್ಯಾಲ ಒಂದೊಂದ ಎಲಿ ಬಲ್ಬಿಗೆ ಅಡ್ಡ ಹಿಡದು ನೋಡಿದ, ಒಳಗಿನ ಗಣಪತಿ ಕಾಣತಾನೇನಂತ. ಕಾಣಲಿಲ್ಲ. "ಮುಖಾ ಹೆಂಗರ ಬರಿಯವಾ, ನಿನ್ನ ಖುಷಿ. ಬೆನ್ನು ಮಾತ್ರ ಎಲ್ಲಾದ್ದೂ ಒಂದ ಇರಬೇಕು" ಅಂದ. ಆ ಎಲಿ ನಾವು ಮೂರು ವರ್ಷ ಆಡಿದ್ವಿ.

ಮೀಟಿಂಗಿನಿಂದ ಬಂದ ರಾತ್ರಿ ನನಗ ನೆನಪಾಗಿದ್ದು ಮಾಮಾನ ಮಗ ಅಂಗೈ ಅಡ್ಡ ಹಿಡದು ಕುಂತ ಚಿತ್ರ.

ಖಾಲಿ ಬೆನ್ನು, ಬಣ್ಣದ ಬೆನ್ನು

ಮುಂದಿನ ಒಂದು ವಾರ ನಾ ಇದರ ಹಿಂದ ಬಿದ್ದೆ. ನಮ್ಮ ಕಡೆ ಗಂಜೀಫಾ ಎಲಿ ಇದ್ವಲ್ಲ, ದುಂಡನ್ನವು, ಕೈಲೆ ಬರದವು. ಬಾಬರ 1527ರಾಗ ಸಿಂಧದ ಒಬ್ಬ ಗೆಳೆಯಾಗ ಗಂಜೀಫಾ ಕಳಿಸಿದ್ದು ಅವನ ಆತ್ಮಕಥಿಯೊಳಗನ ಐತಿ. ಮೈಸೂರಿನಾಗ ಮುಮ್ಮಡಿ ಕೃಷ್ಣರಾಜ ಒಡೆಯರು ಚದ್ ಅಂತ ಹೊಸ ಹೊಸ ಆಟನ ಕಟ್ಟಿಸಿದ್ರು. ನಾ ಕಣ್ಣಾರೆ ನೋಡಿದ್ದು ಸಾವಂತವಾಡಿಯೊಳಗ, ಬೆಳಗಾವಿ ದಾಟಿ ಅಂಬೋಲಿ ಘಾಟ್ ಇಳದ್ರ ಬರ್ತೈತಿ. ಅಲ್ಲಿನ ಅರಮನಿಯೊಳಗ ಈಗಲೂ ಕುಂತು ಬರೀತಾರ. ದಶಾವತಾರದ ಪ್ಯಾಕು, ಹತ್ತು ಅವತಾರ, ಒಂದೊಂದಕ್ಕ ಹನ್ನೆರಡು ಎಲಿ, 120. ಮತ್ಸ್ಯ ಇದ್ದಲ್ಲೆ ಮೀನು, ಪರಶುರಾಮ ಇದ್ದಲ್ಲೆ ಕೊಡಲಿ, ಕೂದಲೆಳಿ ಅಷ್ಟು ಸಣ್ಣ ಕುಂಚ. ಅವತ್ತು ನಾ ಮುಖನ ನೋಡಿ ಬಂದಿದ್ದೆ. ಈಗ ಫೋನಿನ್ಯಾಗಿನ ಫೋಟೋ ತಗದು ನೋಡಿದ್ರ, ಒಂದರಾಗ ಕೆಲವು ಎಲಿ ಬೋರಲ ಬಿದ್ದಿದ್ವು. ಬೆನ್ನಿಗೆ ಒಂದ ಬಣ್ಣ, ಒಂದು ಗೆರಿ ಇಲ್ಲ. ದೇವರು ಇರೂ ಎಲಿ, ದೇವರ ಕೈಯಾಗಿನ ಕೊಡಲಿ ಇರೂ ಎಲಿ, ಬೋರಲ ಹಾಕಿದ್ರ ಎಲ್ಲಾ ಒಂದ.

ಯುರೋಪಿನ್ಯಾಗ ಬ್ಯಾರೆ ಕತಿ. ಅಲ್ಲೆ ಭಾಳ ಕಾಲ ಎಲಿ ಬೆನ್ನು ಬರೇ ಬಿಳಿ. ಬಿಳಿದಕ್ಕ ಕಲಿ ಬಿದ್ರ ಗುರ್ತು ಹತ್ತತೈತಿ, ಮೋಸಕ್ಕ ದಾರಿ. ಇನ್ನೊಂದು, ಖಾಲಿ ಬೆನ್ನು ಕಂಡ್ರ ಮಂದಿ ಅದರ ಮ್ಯಾಲ ಚೀಟಿ ಬರೀತಿದ್ರು, ಆಮಂತ್ರಣ ಬರೀತಿದ್ರು. ಕೆನಡಾದ ಫ್ರೆಂಚ್ ವಸಾಹತಿನ್ಯಾಗ 1685ರಾಗ ಸಿಪಾಯಿಗಳ ಪಗಾರಕ್ಕ ನಾಣ್ಯ ಬರಲಿಲ್ಲಂತ ಇಸ್ಪೀಟ್ ಎಲಿ ಮ್ಯಾಲ ಸಹಿ ಹಾಕಿ ಅದನ್ನ ದುಡ್ಡು ಅಂತ ಹಂಚಿದ್ರು. ಬೆನ್ನಿಗೆ ನಕ್ಷಿ ಅಚ್ಚು ಹಾಕೂದು ರೂಢಿಗೆ ಬಂದದ್ದು 1830ರ ದಶಕದ ಮ್ಯಾಲ, ಡೆ ಲಾ ರೂ ಅನ್ನೂ ಲಂಡನ್ನಿನ ಅಚ್ಚಿನವರ ಕಾಲಕ್ಕ.

ಅದ ಲಂಡನ್ನಿನ ಇನ್ನೊಂದು ಸಂಗತಿ ಓದಿ ನಾ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಂತೆ. 1739ರಾಗ ಅಲ್ಲೆ ಫೌಂಡ್ಲಿಂಗ್ ಹಾಸ್ಪಿಟಲ್ ಅಂತ ಶುರು ಆತು, ಸಾಕಾಕ ಆಗಲಾರದ ತಾಯಂದಿರು ಕೂಸು ಒಪ್ಪಿಸೂ ಜಾಗ. ಹೊಗಾರ್ತ್ ಅನ್ನೂ ಚಿತ್ರಕಾರ ತನ್ನ ಚಿತ್ರ ಅದಕ್ಕ ದಾನ ಕೊಟ್ಟ, ಬ್ಯಾರೆಯವರೂ ಕೊಟ್ರು, ಚಿತ್ರ ನೋಡಾಕ ಶ್ರೀಮಂತರು ಬಂದ್ರು, ದೇಣಿಗಿ ಬಂತು. ನಾವು ಹುಬ್ಬಳ್ಳ್ಯಾಗ ಮಾಡಿದ್ದು ಇದನ್ನ ಅಲ್ಲೇನು! ಬರೂ ಕೂಸು ಭಾಳ, ಇರೂ ಜಾಗ ಸ್ವಲ್ಪ ಆದಾಗ 1742ರಿಂದ ತಾಯಂದಿರು ಒಂದು ಚೀಲದಾಗ ಕೈ ಹಾಕಿ ಗೋಲಿ ತಗೀಬೇಕಾತು. ಬಿಳಿ ಬಂದ್ರ ಕೂಸು ಒಳಗ, ಕರಿ ಬಂದ್ರ ತಿರುಗಿ ಮನಿಗೆ, ಕೆಂಪು ಬಂದ್ರ ಕಾಯಬೇಕು. ಇದನ್ನ ನೋಡಾಕೂ ದೊಡ್ಡ ಮನಿ ಮಂದಿ ಬಂದು ಕುಂದರ್ತಿದ್ರಂತ. ಒಪ್ಪಿಸಿ ಹೋಗೂ ತಾಯಿ ನಾಳೆ ನನ್ನ ಕೂಸು ಇದ ಅಂತ ಗುರ್ತು ಹೇಳಾಕ ಒಂದು ಕುರುಹು ಬಿಟ್ಟು ಹೋಗ್ತಿದ್ಲು, ಬಟ್ಟಿ ಚೂರು, ಸವದ ನಾಣ್ಯ, ಅವುಗಳೊಳಗ ಇಸ್ಪೀಟ್ ಎಲಿನೂ ಅದಾವ. ಆ ಕುರುಹು ಕೂಸಿನ ಕಾಗದದ ಜೊತಿ ಮಡಚಿ ಮುಚ್ಚಿ ಇಡ್ತಿದ್ರು. 1860ರ ದಶಕದಾಗ ಯಾರಿಗೋ ಇವನ್ನ ಮಂದಿಗೆ ತೋರಿಸೂಣು ಅನಸಿ, ಕಾಗದದಿಂದ ಕಿತ್ತು ಹೊರಗ ತಗದು ಪ್ರದರ್ಶನಕ್ಕ ಇಟ್ರು. ಯಾವ ಕುರುಹು ಯಾವ ಕೂಸಿಂದು ಅನ್ನೂ ಕೊಂಡಿ ಅಲ್ಲೆ ಹರೀತು.

ಆ ತಾಯಿ ಕೇಳಿದ್ದು

ಎರಡನೇ ಮೀಟಿಂಗಿಗೆ ನಾನು ಹತ್ತು ಎಲಿ ಮಾಡಿಕೊಂಡು ಹೋದೆ. ಮುಖ ನಮ್ಮ ಚಿತ್ರಗಾರರದು, ಬೆನ್ನಿಗೆ ಬ್ಯಾರೆ ಬ್ಯಾರೆ ಬಣ್ಣ ಹಚ್ಚಿದ್ದೆ, ಫೋಟೋ ಬದಲಿ. ಐದು ಮಂದಿಗೆ ಎರಡೆರಡು ಹಂಚಿ ಎರಡು ಸುತ್ತು ಆಡಿಸಿದೆ. ಮೂರನೇ ಸುತ್ತಿಗೆ ಎಲ್ಲಾರ ಕಣ್ಣೂ ಎದುರಿನವರ ಕೈಯಾಗಿನ ಬೆನ್ನಿನ ಮ್ಯಾಲ. "ನಾಳೆ ಆಡೂರು ಹಿಂಗ ಅಂತಾರ," ನಾ ಹೇಳಿದೆ, "ಆ ಬೋಳ ತಲಿ ಹುಡುಗಿ ಅಂದ್ರ ಕಿಲವರ ಏಳು, ಹಾಕಬ್ಯಾಡ. ಕೂಸಿನ ಮುಖ ಎಲಿ ಗುರ್ತು ಹಿಡಿಯೂ ಕಲಿ ಆಗ್ತೈತಿ." ಆ ಹುಡುಗ ಸುಮ್ಮನ ಕೇಳಿದ, ಆಮ್ಯಾಲ ಅವನು ಹೇಳಿದ್ದರಾಗೂ ಸುಳ್ಳಿರಲಿಲ್ಲ. ಫೋಟೋ ಇದ್ರ ದುಡ್ಡು ಹೆಚ್ಚು ಬರ್ತೈತ್ರಿ ಮೇಡಂ, ಹತ್ತು ವರ್ಷ ನೋಡೀನಿ, ನಕ್ಷಿ ನೋಡಿ ಯಾರೂ ಪಾಕೀಟ ತಗಿಯಂಗಿಲ್ಲ ಅಂದ. ಆ ದುಡ್ಡಿಗೆ ಬರೂ ಔಷಧ ನನ್ನ ಮಾತಿನಿಂದ ಬರಂಗಿಲ್ಲ, ಖರೇನ.

ಆಗ ಬಾಗಿಲ ಹತ್ರ ಕುಂತಿದ್ದ ಒಬ್ಬಾಕಿ ಮಾತಾಡಿದ್ಲು. ರೋಣದ ಕಡೆಯಾಕಿ, ಮಗಳ ರಿಪೋರ್ಟ್ ತೋರಿಸಿ ಬಸ್ಸಿನ ರೊಕ್ಕ ಇಸಕೊಂಡು ಹೋಗಾಕ ಬಂದಾಕಿ, ನಮ್ಮ ಮೀಟಿಂಗ್ ಮುಗೀಲಿ ಅಂತ ಒಂದು ತಾಸಿನಿಂದ ಕಾಯ್ತಿದ್ಲು. ಸೆರಗಿನ ತುದಿ ಬೆರಳಿಗೆ ಸುತ್ತಿಕೋತ ಅಂದ್ಲು, "ನಮ್ಮ ಹುಡುಗಿ ಫೋಟೋನೂ ತಗದಾರ್ರಿ. ತಗೀಲಿ. ಆದ್ರ ಅಕಿ ಆರಾಮ ಆಗ್ತಾಳ ಅಂದಾರ ಡಾಕ್ಟ್ರು. ನಾಳೆ ದೊಡ್ಡಾಕಿ ಆಗಿ ಮದವಿ ಮಾತು ಬಂದಾಗ ಯಾರರ ಈ ಎಲಿ ತಗದು ತೋರಿಸಿದ್ರ ಏನ್ ಮಾಡೂದ್ರಿ ಅಕ್ಕಾರ?" ಯಾರೂ ಮಾತಾಡಲಿಲ್ಲ. ಅಕಿನ ಮತ್ತ ಸಣ್ಣ ದನಿಲೆ ಕೇಳಿದ್ಲು, "ಫೋಟೋ ಬ್ಯಾಡ ಅಂದ್ರ ಔಷಧ ನಿಲ್ಲಿಸ್ತೀರೇನ್ರಿ?"

"ಅಯ್ಯ, ಇಲ್ಲವಾ ಯವ್ವಾ" ಅಂತ ಆ ಹುಡುಗ ಎದ್ದ ನಿಂತ. ಅವನ ಮುಖ ಕೆಂಪಾಗಿತ್ತು. ಅವತ್ತಿನ ತನಕ ಫೋಟೋಕ್ಕ ಯಾವ ತಾಯಿನೂ ಒಲ್ಲೆ ಅಂದಿರಲಿಲ್ಲಂತ, ಎಲ್ಲಾರೂ ಒಪ್ಪಿಗಿ ಕಾಗದಕ್ಕ ಸಹಿ ಹಾಕಿದ್ರಂತ. ಯಾಕ ಒಲ್ಲೆ ಅಂದಿರಲಿಲ್ಲ ಅನ್ನೂದು ಅಕಿ ಕೇಳಿದ ಮಾತಿನ್ಯಾಗ ಇತ್ತು. ಬಾಗಿಲದಾಗ ಕುಂತು ತಾಸುಗಟ್ಟಲೆ ಕಾಯೂ ತಾಯಿ ಕೈಯಾಗ ಇರೂ ಎಲಿ ಎಲ್ಲಾರಿಗೂ ಕಾಣತಾವ, ನಮ್ಮದು ಒಂದೂ ಅಕಿಗೆ ಕಾಣಂಗಿಲ್ಲ. ನಾನೂ ಎಷ್ಟೋ ಕಾರ್ಯಕ್ರಮಕ್ಕ ಅಂಥಾ ಫೋಟೋ ನೋಡಿ ಚಿತ್ರ ಬರಕೊಟ್ಟೀನಿ, ಕೂಸಿನ ಕಣ್ಣೀರು ಚೊಲೋ ಬಂದೈತಿ ಅಂತ ಹೊಗಳಿಸಿಕೊಂಡೀನಿ. ಒಂದು ಸಲನೂ ತಾಯಿನ್ನ ಕೇಳಿಲ್ಲ. ಇದನ್ನ ಬರಿಯೂ ಹೊತ್ತಿಗೂ ಅದು ನನ್ನ ಚುಚ್ಚತೈತಿ.

ಆಮ್ಯಾಲಿನ ಕೆಲಸ ಲಗೂನ ಆತು. ಬೆನ್ನಿಗೆ ಕಸೂತಿ ಹಾಕೂಣು ಅಂತ ಆತು. ಧಾರವಾಡದಾಗ ಕಸೂತಿ ಹಾಕೂ ಒಬ್ಬ ಅಜ್ಜಿನ್ನ ಹುಡುಕಿಕೊಂಡು ಹೋದೆ. ಕಸೂತಿಯೊಳಗ ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗಿ. ಗವಂತಿ ಹಾಕಿದ್ರ ದಾರ ಹೋದ ದಾರ್ಯಾಗನ ತಿರುಗಿ ಬಂದು ಬಿಟ್ಟ ಜಾಗ ತುಂಬತೈತಿ, ಗಂಟು ಹಾಕೂ ಹಂಗಿಲ್ಲ, ಬಟ್ಟಿ ಮುಂದ ನೋಡಿದ್ರೂ ಹಿಂದ ನೋಡಿದ್ರೂ ಒಂದ ನಕ್ಷಿ. ಮೊದಲ ನಾ ಗೋಪುರ ಹಾಕ್ರಿ ಅಂದಿದ್ದೆ, ನನಗ ಅದ ಇಷ್ಟ. ಅಜ್ಜಿ ಕೇಳಿದ್ರು, "ಎಲಿ ತಲಿಕೆಳಗ ಹಿಡದ್ರ ಗೋಪುರ ಬೋರಲ ಬೀಳತೈತಲ್ಲವಾ?" ಹೌದಲ್ಲ! ಅರ್ಧ ಎಲಿ ಗೋಪುರ ಮ್ಯಾಲ, ಅರ್ಧ ಕೆಳಗ ಆದ್ರ ಮತ್ತ ಗುರ್ತು. ತುಳಸಿಕಟ್ಟಿ ಆಗಲಿಲ್ಲ, ಆನಿ ಆಗಲಿಲ್ಲ, ತೇರು ಆಗಲಿಲ್ಲ. ಕಡೀಕ ನಕ್ಷತ್ರ, ಹೆಂಗ ತಿರುವಿದ್ರೂ ನಕ್ಷತ್ರನ. ಕರಿ ಇಳಕಲ್ ಬಟ್ಟಿ ಮ್ಯಾಲ ಬಿಳಿ ದಾರದಾಗ ಒಂದ ಎಲಿ ಅಳತಿದು ಅಜ್ಜಿ ನಾಲ್ಕು ದಿನ ಹಾಕಿದ್ರು, ಎಳಿ ಎಣಿಸಿ ಎಣಿಸಿ. ಕನ್ನಡಕ ಎರಡು ಸಲ ಒರಸಿಕೊಂಡು ಹಾಕಿದ ಒಂದು ಮೂಲಿ ನನಗ ಇವತ್ತೂ ಗುರ್ತು ಸಿಗತೈತಿ, ಆದ್ರ ಅದು 54 ಎಲಿ ಬೆನ್ನಿಗೂ ಅಲ್ಲೇ ಐತಿ.

ಲಿಲಾವಿನ ದಿನ ರಾಜ-ರಾಣಿ, ಎಕ್ಕ ಮೊದಲ ಹೋದ್ವು. ನನ್ನ ಏಳು ಹತ್ತಿಕಾಯಿ ಅಮರಗೋಳ ಎಪಿಎಂಸಿಯ ಒಬ್ಬ ಹತ್ತಿ ಅಡತಿಯವರು ತಗೊಂಡ್ರು, ಹತ್ತಿ ಕರೇದ ಯಾಕ್ರಿ ಅಂತ ಕೇಳಿ, ಕಿಲವರ ಕರೇದ ಇರಬೇಕಲ್ರಿ ಅಂದಿದ್ದಕ್ಕ ತಲಿ ಹಾಕಿದ್ರು. ಪ್ಯಾಕು ಒಂದಿಷ್ಟು ಇನ್ನೂ ಉಳದಾವ. ಫೋಟೋ ಹಾಕಿದ್ರ ಉಳೀತಿರಲಿಲ್ಲೇನೋ.

ಪ್ರಿಂಟ್ ಆಗಿ ಬಂದ ಮೊದಲನೇ ಪ್ಯಾಕು ಮಾತ್ರ ನಾ ಗದಗಿಗೆ ಅಪ್ಪಗ ಒಯ್ದಿದ್ದೆ. ಎಂಬತ್ತು ದಾಟ್ಯಾವ, ಕೈ ನಡುಗ್ತಾವ. ಮುಖದ ಚಿತ್ರ ಒಂದೂ ನೋಡಲಿಲ್ಲ. ಪ್ಯಾಕ್ ಬೋರಲ ಮಾಡಿದ, ಅಂಚು ಹೆಬ್ಬೆರಳಿಲೆ ಸವರಿದ, ಒಂದು ಎಲಿ ಎತ್ತಿ ಟ್ಯೂಬ್‌ಲೈಟಿಗೆ ಅಡ್ಡ ಹಿಡದ. "ನಡುವ ಕರಿ ಅಂಟು ಹಾಕ್ಯಾರ, ಪಾರ ಕಾಣಂಗಿಲ್ಲ, ಚೊಲೋ" ಅಂದ. ಆಮ್ಯಾಲ ಒಂದೊಂದ ತಿರುವಿಕೋತ ಹೋಗಿ ಒಂದು ಎಲಿ ತಗದು ಬದಿಗಿಟ್ಟ. ಚೌಕಟದ ನಾಲ್ಕು. ಕಟಿಂಗಿನ್ಯಾಗ ಒಂದು ನೂಲಿನಷ್ಟು ಸರದು ನಕ್ಷತ್ರದ ಸುತ್ತಿನ ಅಂಚು ಎಡಕ್ಕ ದಪ್ಪ, ಬಲಕ್ಕ ತೆಳ್ಳಗ ಆಗಿತ್ತು, ನನಗ ಚಸ್ಮಾ ಹಾಕಿದ್ರೂ ಕಂಡಿರಲಿಲ್ಲ. "ಇದು ಗುರ್ತು ಹತ್ತತೈತಿ ಯವ್ವಾ. ಎಷ್ಟು ಪ್ಯಾಕು ಅಂದಿ?"

ಐದನೂರು ಅಂದೆ.

"ತರಸು ಎಲ್ಲಾ" ಅಂತ ಹೇಳಿ ಚಾಪಿ ಹಾಸಾಕ ಹಚ್ಚಿದ.